ರೇಷ್ಮೆ ಮನೆಗೆ ಹೋದ ಸಾಮಾನು

ಶರಣಮ್ಮನ ಅಡುಗೆಮನೆಯಲ್ಲಿ ಜೋಳ ಮೊಳಕೆ ಒಡೆದದ್ದು 2005ರ ಅಕ್ಟೋಬರ್ ಮಳೆಯಲ್ಲಿ.

ಬಿಟಿಎಂ ಲೇಔಟಿನಲ್ಲಿ ಅವರು ಬಾಡಿಗೆಗಿದ್ದ ರಸ್ತೆ ತಗ್ಗಿನಲ್ಲಿತ್ತು. ಹಿಂದೆಯೇ ರಾಜಕಾಲುವೆ. ಜೋರು ಮಳೆಗೆ ಕಾಲುವೆ ತುಂಬಿತೆಂದರೆ ನೀರು ಬಾಗಿಲಿಗೆ ಬರುವ ಮೊದಲೇ ಬಚ್ಚಲಿನ ತೂತಿನಿಂದ ಗುಳುಗುಳು ಎನ್ನುತ್ತಾ ಮೇಲೇಳುತ್ತಿತ್ತು. ಆ ಸಲ ಮೊಣಕಾಲಿನ ತನಕ ನಿಂತಿತು. ಶರಣಮ್ಮ, ಅವಳ ಗಂಡ ಬಸವಂತ ಇಬ್ಬರೂ ಕೈಗೆ ಸಿಕ್ಕಿದ್ದನ್ನು ಮಂಚದ ಮೇಲೆ ಹೇರಿ, ಮಹಡಿ ಮನೆಯ ವಾರಿಜಾಳ ಹತ್ತಿರ ಹೋಗಿ ಕೂತರು. ನೀರು ಇಳಿದ ಮೇಲೆ ಬಂದು ನೋಡಿದರೆ, ಮೂಲೆಯಲ್ಲಿದ್ದ ಜೋಳದ ಚೀಲ ಉಬ್ಬಿ ಹೊಲಿಗೆ ಬಿಚ್ಚಿಕೊಂಡಿತ್ತು. ಎರಡು ದಿನ ಬಿಟ್ಟು ಅದರ ಬಾಯಿಂದ ಬಿಳಿ ಮೊಳಕೆಗಳು ಇಣುಕಿದವು.

"ಏನ್ರೀ, ಇಲ್ಲಿ ಬಂದು ನೋಡ್ರಿ," ಎಂದು ಅವಳು ಗಂಡನನ್ನು ಕರೆದಳು. "ನಾವು ಬಾಗಲಕೋಟಿ ಬಿಟ್ಟು ಇಲ್ಲಿಗೆ ಬಂದಿದ್ದು ಅಡಿಗಿ ಮನ್ಯಾಗ ಬಿತ್ತಾಕೇನು?"

ಬಸವಂತ ನಕ್ಕುಬಿಟ್ಟ. ಅವಳೂ ನಕ್ಕಳು. ಆದರೆ ಟ್ರಂಕಿನ ಬೀಗ ತೆಗೆದಾಗ ನಗು ನಿಂತಿತು. ಅವ್ವ ಹಳೇ ಸೀರೆಯ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿದುಕೊಟ್ಟಿದ್ದ ಕೌದಿ ಅದರೊಳಗಿತ್ತು. ಕೆಂಪು ಬಣ್ಣ ಬಿಟ್ಟು ಹಳದಿಗೆ ಹತ್ತಿಕೊಂಡಿತ್ತು. ಎಷ್ಟು ಸಲ ಒಗೆದು ಒಣಗಿಸಿದರೂ ಕಾಲುವೆಯ ವಾಸನೆ ಹೋಗಲಿಲ್ಲ. ಶರಣಮ್ಮ ಅದನ್ನು ಎಸೆಯಲಿಲ್ಲ, ಹೊದೆಯಲೂ ಇಲ್ಲ.

ಬಸವಂತ ಕೊರಿಯರ್ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದ. ಶರಣಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಸುತ್ತಮುತ್ತಲಿನ ರೂಮುಗಳಲ್ಲಿದ್ದ ತಮ್ಮ ಕಡೆಯ ಹುಡುಗರಿಗೆ ಕೊಡುತ್ತಿದ್ದಳು. ಮನೆ ಬದಲಾಯಿಸೋಣವೆಂದರೆ ರೊಟ್ಟಿ ಒಯ್ಯುವವರೆಲ್ಲ ಆ ಎರಡು ಮೂರು ರಸ್ತೆಗಳಲ್ಲೇ ಇದ್ದರು. ಹೀಗಾಗಿ ಅವರು ಅಲ್ಲೇ ಉಳಿದರು, ಮೋಡ ಕಂಡಾಗಲೆಲ್ಲ ಟ್ರಂಕಿನ ಕಡೆ ನೋಡುತ್ತಾ.

ಪಕ್ಕದ್ದು ಮುನಿಯಣ್ಣನ ಸ್ವಂತ ಮನೆ. ಲೇಔಟ್ ಬರುವುದಕ್ಕೂ ಮುಂಚಿನ ಹಳ್ಳಿಯವರು ಅವರು. ಮನೆಯ ಹಜಾರದಲ್ಲಿ ಬುದ್ಧನ ವಿಗ್ರಹ, ಬಾಬಾಸಾಹೇಬರ ಫೋಟೊ. ಮುನಿಯಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆಗಿದ್ದ. ದಪ್ಪ ಮನುಷ್ಯ, ಇನ್ನೂ ದಪ್ಪ ದನಿ. ನೀರಿಗೆ ಅವನ ಹತ್ತಿರ ಒಂದೇ ಔಷಧಿ: ಇಟ್ಟಿಗೆ. ಪ್ರತಿ ಪ್ರವಾಹದ ನಂತರ ಮಂಚದ ಕಾಲಿನ ಕೆಳಗೆ ಇನ್ನೊಂದು ಇಟ್ಟಿಗೆ ಸೇರಿಸುತ್ತಿದ್ದ. ಈಗ ಆ ಮಂಚ ಹತ್ತಬೇಕಾದರೆ ಸ್ಟೂಲು ಬೇಕಿತ್ತು. ಹೆಂಡತಿ ಪಾರ್ವತಮ್ಮ ಅದರ ಮೇಲೆ ಮಲಗುವುದನ್ನು ಬಿಟ್ಟು ವರ್ಷವಾಗಿತ್ತು. "ಬಿದ್ರೆ ಆಸ್ಪತ್ರೆಗೇ ಹೋಗ್ಬೇಕು, ನಾನು ನೆಲದ ಮೇಲೇ ಇರ್ತೀನಿ ಕಣಮ್ಮ," ಎನ್ನುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಅವರ ಮಗಳು ಲತಾಮಣಿಗೆ ಬನಶಂಕರಿಯ ಸಿದ್ಧಾರ್ಥ ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹುಡುಗ ಒಳ್ಳೆಯವನು. ಅವನ ತಾಯಿ ಸತ್ಯಭಾಮಾ ಹೈಸ್ಕೂಲಿನಲ್ಲಿ ಹೆಡ್ಮಿಸ್ ಆಗಿದ್ದವರು. ಹೆಣ್ಣು ನೋಡಲು ಬಂದ ದಿನ ಆಕೆ ಗೋಡೆಯ ಮೇಲಿದ್ದ ನೀರಿನ ಗುರುತನ್ನೇ ನೋಡುತ್ತಾ ಕೂತಿದ್ದನ್ನು ಪಾರ್ವತಮ್ಮ ಮರೆಯಲಾರದೆ ಹೋದಳು. ಮದುವೆ ಇಟ್ಟದ್ದು ಸೆಪ್ಟೆಂಬರಿನಲ್ಲಿ, ಮಳೆಯ ಕಾಲದಲ್ಲೇ. ಅಷ್ಟರೊಳಗೆ ಕೊಳ್ಳಬೇಕಾದ ಸೀರೆ, ಪಾತ್ರೆ, ಹಾಸಿಗೆ ಎಲ್ಲ ಒಂದೊಂದಾಗಿ ಮನೆಗೆ ಬರತೊಡಗಿದವು.

"ಇದನ್ನೆಲ್ಲ ಎಲ್ಲಿ ಇಡ್ಲಮ್ಮ ಶರಣಮ್ಮ?" ಎಂದು ಪಾರ್ವತಮ್ಮ ಒಂದು ದಿನ ಬಟ್ಟೆ ಒಣಗಿಸುವಾಗ ಗೋಡೆಯಾಚೆಯಿಂದ ಕೇಳಿದಳು. "ನಮ್ಮ ಯಜಮಾನ್ರು ಇಟ್ಟಿಗೆ ತರ್ತೀನಿ ಅಂತಾರೆ."

ಶರಣಮ್ಮ ಬಟ್ಟೆಯ ಬುಟ್ಟಿ ಕೆಳಗಿಟ್ಟಳು. "ಅಕ್ಕಾ, ನಾ ಒಂದ್ ಮಾತ್ ಹೇಳ್ಲೇನು? ನಾವು ಇಲ್ಲೇ ಇರೂಣು. ಸಾಮಾನಿಗೆ ಮಾತ್ರ ಬ್ಯಾರೆ ಮನಿ ಮಾಡೂಣು. ಎತ್ತರದಾಗ, ನೀರು ಬರಲಾರದ ಜಾಗದಾಗ. ನಾಲ್ಕೈದು ಮನ್ಯಾವ್ರು ಕೂಡಿ ಬಾಡಿಗಿ ಹಂಚ್ಕೊಂಡ್ರ ಭಾರ ಆಗಂಗಿಲ್ಲ."

ಪಾರ್ವತಮ್ಮನಿಗೆ ಮಾತು ಹಿಡಿಸಿತು. ಮಹಡಿಯಲ್ಲಿದ್ದರೂ ವಾರಿಜಾ ಸೇರಿಕೊಂಡಳು, ಅವಳ ಸ್ಕೂಟರ್, ಹೊಲಿಗೆ ಮಿಷನ್ನು ಕೆಳಗಿನ ಶೆಡ್ಡಿನಲ್ಲಿದ್ದವು. ಎದುರಿನ ಎರಡು ಮನೆಯವರೂ ಹೂಂ ಅಂದರು. ಮುನಿಯಣ್ಣ ಮಾತ್ರ ಗಟ್ಟಿಯಾಗಿ ನಕ್ಕ. "ಸಾಮಾನಿಗೆ ಮನೆ ಬಾಡಿಗೆಗಾ? ನಾಳೆ ಅದಕ್ಕೆ ತಿಂಡಿ ಊಟನೂ ಕಳಿಸಿ. ನನ್ನದೊಂದು ಸಾಮಾನೂ ಈ ಮನೆ ಬಿಟ್ಟು ಹೋಗಲ್ಲ."

"ನಿಮ್ಮದು ಬೇಡ ಬಿಡಿ. ಮಗಳದ್ದು ಹೋಗ್ಲಿ," ಎಂದಳು ಪಾರ್ವತಮ್ಮ.

ಜಾಗ ಹುಡುಕಲು ಇಬ್ಬರು ಹೆಂಗಸರೂ ಬಸವಂತನನ್ನು ಕರೆದುಕೊಂಡು ಹೊರಟರು. ಮೊದಲು ನೋಡಿದ್ದು ಹುಳಿಮಾವಿನಲ್ಲಿ ಗೂಳಪ್ಪ ಎಂಬುವನ ಗೋಡೌನು. ದೊಡ್ಡದು, ಗಟ್ಟಿ ಬಾಗಿಲು, ರಸ್ತೆಗೆ ಹತ್ತಿರ. ಗೂಳಪ್ಪ ಬಂದವರಿಗೆ ಎಳನೀರು ಕೊಟ್ಟ. ಶರಣಮ್ಮ ಎಳನೀರು ಕುಡಿಯುತ್ತಲೇ ಗೋಡೆ ನೋಡಿದಳು. ಸೊಂಟದ ಮಟ್ಟದವರೆಗೆ ಹೊಸ ನೀಲಿ ಬಣ್ಣ, ಅದರ ಮೇಲೆ ಹಳೇ ಸುಣ್ಣ.

"ಅಣ್ಣಾರ, ಅರ್ಧಕ್ಕ ಯಾಕ ಬಣ್ಣ ಹಚ್ಚೀರಿ?"

"ಅದು ಡಿಸೈನ್ ಅಕ್ಕ. ಈಗೆಲ್ಲ ಹಾಗೇ ನಡೀತಿದೆ."

"ಕೆರಿ ಎಷ್ಟು ದೂರ ಐತ್ರಿ ಇಲ್ಲಿಂದ?"

ಗೂಳಪ್ಪ ಕೈ ಬೀಸಿ, "ಅಯ್ಯೋ, ಅದು ಅಲ್ಲೆಲ್ಲೋ ಇದೆ," ಎಂದ. ಅಷ್ಟು ಹೊತ್ತಿಗೆ ಗೋಡೌನಿನ ಹಿಂದಿನ ಬಾಗಿಲಲ್ಲಿ ಬಾತುಕೋಳಿಯೊಂದು ಬಂದು ನಿಂತು ಒಳಗೆ ನೋಡಿತು. ಪಾರ್ವತಮ್ಮ ಎಳನೀರಿನ ಬುರುಡೆಯನ್ನು ಮೆಲ್ಲಗೆ ಕೆಳಗಿಟ್ಟು, "ಇನ್ನೊಂದ್ಸಲ ಬರ್ತೀವಪ್ಪ," ಎಂದಳು. ಹೊರಗೆ ಬಂದ ಮೇಲೆ ಮೂವರೂ ಬಸ್‌ಸ್ಟಾಪಿನ ತನಕ ನಗುತ್ತಲೇ ನಡೆದರು.

ಎರಡನೆಯದು ಜೆ.ಪಿ. ನಗರದಲ್ಲಿ, ಬಸವಂತ ಆಫೀಸಿನವರನ್ನು ವಿಚಾರಿಸಿ ಪತ್ತೆ ಮಾಡಿದ್ದು. ಹೊಸ ಕಂಪನಿ. ಮೂರನೇ ಮಹಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆಗಳು, ಪ್ರತಿಯೊಂದಕ್ಕೂ ಕಬ್ಬಿಣದ ಷಟರ್, ಲಿಫ್ಟು, ಕಾವಲಿಗೆ ಯೂನಿಫಾರ್ಮಿನ ಮನುಷ್ಯ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಪಾರ್ವತಮ್ಮ ಸೆರಗು ಎತ್ತಿಕೊಂಡೇ ನಡೆದಳು. ಟೈ ಕಟ್ಟಿದ ಹುಡುಗನೊಬ್ಬ ವಿನಯವಾಗಿ ಎಲ್ಲ ತೋರಿಸಿದ. ನೀರಿನ ಭಯ ಇಲ್ಲವೇ ಇಲ್ಲ. ಬಸವಂತ ಆಗಲೇ ತಲೆಯಾಡಿಸುತ್ತಿದ್ದ.

"ಸಾಮಾನು ಬೇಕಾದಾಗ ಹಿಂದಿನ ದಿನ ಫೋನ್ ಮಾಡಿ ತಿಳಿಸಿಬಿಡಿ ಮೇಡಂ. ಭಾನುವಾರ ರಜ. ಕಾಳುಕಡ್ಡಿ ಇಡೋ ಹಾಗಿಲ್ಲ. ಒಂದು ಕೋಣೆಗೆ ಒಬ್ಬರ ಹೆಸರು ಮಾತ್ರ."

"ಮಳಿ ಭಾನುವಾರ ಬಂದ್ರ?" ಎಂದು ಶರಣಮ್ಮ ಕೇಳಿದಳು.

ಹುಡುಗ ಪ್ರಾಮಾಣಿಕ. ಸ್ವಲ್ಪ ಯೋಚಿಸಿ, "ಸೋಮವಾರ ಬರಬೇಕಾಗುತ್ತೆ," ಎಂದ.

ದಾರಿಯುದ್ದಕ್ಕೂ ಬಸವಂತ ಮುಖ ಬಿಗಿದುಕೊಂಡಿದ್ದ. "ನಿನಗ ಚಲೋ ಜಾಗ ತೋರ್ಸಿದ್ರೂ ಒಲ್ಲೆ ಅಂತಿ. ಷಟರ್ ನೋಡಿದ್ಯೇನು, ಎಂಥಾ ಗಟ್ಟಿ!"

"ಷಟರ್ ಗಟ್ಟಿ ಐತ್ರಿ, ನಾ ಎಲ್ಲಿ ಇಲ್ಲ ಅಂದೆ? ನನಗ ಕೌದಿ ಬೇಕಾದ್ರ ಆವತ್ತೇ ಬೇಕು. ಹಿಂದಿನ ದಿನ ಚಳಿ ಆಗತೈತಿ ಅಂತ ಹೆಂಗ ಗೊತ್ತಾಗಬೇಕು?"

ಬಸವಂತ ಕಂಪನಿಯವರು ಕೊಟ್ಟ ಕಾಗದ ಮಡಚಿ ಜೇಬಿಗೆ ಸೇರಿಸಿದ.

ಗೊಟ್ಟಿಗೆರೆಯ ಜಾಗ ಗೊತ್ತಾದದ್ದು ಹಾಲಿನಿಂದ. ವಾರಿಜಾಳ ತಂಗಿ ಅಲ್ಲಿದ್ದಳು. ಅವಳಿಗೆ ಹಾಲು ಕೊಡುವ ತಿಮ್ಮಕ್ಕನ ಹತ್ತಿರ ಖಾಲಿ ಮನೆಯೊಂದು ಇದೆ ಎಂದು ಸುದ್ದಿ ಬಂತು. ಹೋಗಿ ನೋಡಿದರೆ ಅದು ವಾಸದ ಮನೆಯೇ ಅಲ್ಲ. ಏರಿನ ಮೇಲೆ, ಎತ್ತರದ ಕಲ್ಲಿನ ಕಟ್ಟೆಯ ಮೇಲೆ ಕಟ್ಟಿದ, ಹೆಂಚು ಹೊದಿಸಿದ ಉದ್ದನೆಯ ಒಂದೇ ಕೋಣೆ. ನಾಲ್ಕೂ ಕಡೆ ಬಲೆ ಹೊಡೆದ ಕಿಟಕಿಗಳು. ಒಳಗೆ ಒಂದರ ಮೇಲೊಂದು ತಟ್ಟೆ ಜೋಡಿಸುವ ಮರದ ಸ್ಟ್ಯಾಂಡುಗಳು, ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳು, ಅಂದರೆ ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಅಗಲವಾದ ತಟ್ಟಿಗಳು. ಸುತ್ತಲಿನ ಹಿಪ್ಪುನೇರಳೆ ತೋಟಗಳೆಲ್ಲ ಸೈಟುಗಳಾದ ಮೇಲೆ ಹುಳುವಿಗೆ ಸೊಪ್ಪು ಸಾಲದೆ ತಿಮ್ಮಕ್ಕ ಸಾಕಣೆ ನಿಲ್ಲಿಸಿ ಹಸು ಕಟ್ಟಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ಮನೆ ತುಂಬ ಮಕ್ಕಳು, ಸೊಸೆಯರು. ಯಾರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

"ಚಪ್ಲಿ ಆಚೆ ಬುಟ್ಟು ಬನ್ನಿ," ಎಂದಳು ಮೊದಲು. ಆಮೇಲೆ, "ಏನ್ ಮಡಗ್ತೀರಾ ಇಲ್ಲಿ?"

ಪಾರ್ವತಮ್ಮ ವಿವರಿಸಿದಳು. ತಿಮ್ಮಕ್ಕ ತಲೆ ಅಲ್ಲಾಡಿಸಿದಳು. "ಗೋಡೌನ್ ಮಾಡಕ್ಕೆ ಕೊಡಲ್ಲ ಕಣವ್ವ. ಪಾತ್ರೆ ಪಡಗ ತಂದು ಸುರಿದು ಬೀಗ ಹಾಕೊಂಡು ಹೋದ್ರೆ ಇಲಿ ಬತ್ತವೆ, ಗೆದ್ಲು ಬತ್ತದೆ. ಈ ಮನೇಲಿ ಹುಳ ಇದ್ದಾಗ ದಿನಾ ಗುಡಿಸ್ತಿದ್ದೆ. ಊದಿನಕಡ್ಡಿ ಹೊಗೆ ಕೂಡ ಬಿಡ್ತಿರ್ನಿಲ್ಲ."

ಶರಣಮ್ಮ ಸ್ಟ್ಯಾಂಡಿನ ಕಾಲು ನೋಡುತ್ತಿದ್ದಳು. ಪ್ರತಿ ಕಾಲೂ ಒಂದೊಂದು ಕಲ್ಲಿನ ಬಟ್ಟಲಿನೊಳಗಿತ್ತು. "ಇದು ಯಾಕ್ರೀ ಯವ್ವಾ?"

"ಇರುವೆ ಹತ್ತಬಾರ್ದು ಅಂತ. ಬಟ್ಲಿಗೆ ನೀರು ಹಾಕಿ ಮಡಗಿದ್ರೆ ಒಂದ್ ಇರುವೆ ಮ್ಯಾಲಕ್ಕೆ ಹೋಗಾಕಿಲ್ಲ."

ಶರಣಮ್ಮ ಎದ್ದು ನಿಂತು ಗಂಡನ ಕಡೆ ತಿರುಗಿದಳು. "ನೋಡ್ರಿ, ನಮ್ಮ ಮನ್ಯಾಗ ನೀರು ಬಂದ್ರ ಎಲ್ಲಾ ಹಾಳು. ಇಲ್ಲಿ ಕಾಯಾಕ ನೀರು ಇಟ್ಟಾರ." ಆಮೇಲೆ ತಿಮ್ಮಕ್ಕನಿಗೆ, "ಯವ್ವಾ, ನಾವು ಸುರುವಿ ಹೋಗಾವ್ರಲ್ಲ. ವಾರಕ್ಕೊಬ್ರು ಬರ್ತೀವಿ. ಗುಡಿಸ್ತೀವಿ, ಬಿಸಲಿಗೆ ಹಾಕ್ತೀವಿ. ಕೀಲಿ ನಿಮ್ಮ ಕೈಯಾಗ ಇರಲಿ. ಯಾವಾಗ ಬೇಕಂದ್ರ ಆವಾಗ ತಗದುಕೊಟ್ರ ಸಾಕು."

ತಿಮ್ಮಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಜೋಳದ ರೊಟ್ಟಿ ಮಾಡಕ್ಕೆ ಬತ್ತದಾ ನಿಂಗೆ?"

"ಅದನ್ನೇ ಮಾಡಿ ಮಾರ್ತೀನ್ರಿ."

"ಬರೋವಾಗ ತಂದ್ಬುಡು. ನನ್ ಸೊಸೇರು ಮಾಡಿದ್ರೆ ಹಪ್ಳ ಆಯ್ತದೆ."

ಹಾಗೆ ಜಾಗ ಗೊತ್ತಾಯಿತು. ಬಸವಂತನೂ ಕಿಟಕಿಯ ಬಲೆ ತಟ್ಟಿ, ಹೆಂಚು ನೋಡಿ, "ಗಾಳಿ ಚಲೋ ಐತಿ," ಎಂದು ಒಪ್ಪಿಕೊಂಡ.

ಜೂನಿನಲ್ಲಿ ಟೆಂಪೊ ಮಾಡಿಕೊಂಡು ಐದು ಮನೆಯವರೂ ಸಾಮಾನು ಸಾಗಿಸಿದರು. ಶರಣಮ್ಮ ಟ್ರಂಕು, ಕೌದಿ, ಹಬ್ಬಕ್ಕಷ್ಟೇ ತೆಗೆಯುವ ಹಿತ್ತಾಳೆ ಹಂಡೆ ಕಳಿಸಿದಳು. ವಾರಿಜಾ ದೊಡ್ಡ ಜಮಖಾನೆಗಳನ್ನೂ ಹೊಲಿಗೆ ಮಿಷನ್ನನ್ನೂ ಕಳಿಸಿದಳು. ಎದುರು ಮನೆಯವರು ನೆಂಟರು ಬಂದಾಗ ಬೇಕಾಗುವ ಪಾತ್ರೆಗಳು, ಮಡಚುವ ಕುರ್ಚಿಗಳು. ಲತಾಮಣಿಯ ಮದುವೆಯದ್ದೇ ಎರಡು ಸ್ಟ್ಯಾಂಡು. ಮುನಿಯಣ್ಣ ಗೇಟಿನ ಹತ್ತಿರ ನಿಂತು ಎಲ್ಲ ನೋಡುತ್ತಿದ್ದ. ಮದುವೆಗೆಂದು ಹೊಲಿಸಿದ್ದ ಅವನ ಬಿಳಿ ಜುಬ್ಬ, ಪೈಜಾಮವನ್ನು ಪಾರ್ವತಮ್ಮ ಗಂಟಿಗೆ ಸೇರಿಸಿದರೆ ಅದನ್ನು ಕಿತ್ತುಕೊಂಡು ತನ್ನ ಎತ್ತರದ ಮಂಚದ ಮೇಲೆ ಇಟ್ಟ.

"ನನ್ನ ಬಟ್ಟೆ ಇಲ್ಲೇ ಇರುತ್ತೆ."

ಮದುವೆ ಭಾನುವಾರ. ಬಿಟಿಎಂನಲ್ಲೇ ಒಂದು ಸಮುದಾಯ ಭವನ ಗೊತ್ತು ಮಾಡಿದ್ದರು. ಶನಿವಾರ ಬೆಳಗ್ಗೆ ಶುರುವಾದ ಮಳೆ ಮಧ್ಯಾಹ್ನದ ಹೊತ್ತಿಗೆ ಕಾಲುವೆಯನ್ನು ತುಂಬಿಸಿತು. ಬಚ್ಚಲುಗಳು ಗುಳುಗುಳು ಎಂದವು. ಈ ಸಲ ರಸ್ತೆಯಲ್ಲಿ ಗಾಬರಿ ಅಷ್ಟಿರಲಿಲ್ಲ. ಶರಣಮ್ಮ ಹಿಟ್ಟಿನ ಡಬ್ಬ, ಒಲೆ ಎತ್ತಿಕೊಂಡು ಮಹಡಿ ಹತ್ತಿದಳು, ಅಷ್ಟೇ. ಎತ್ತುವುದಕ್ಕೆ ಬೇರೆ ಏನಿತ್ತು?

ಆದರೆ ಸಮುದಾಯ ಭವನದ ಕಡೆ ಹೋಗಿದ್ದ ಬಸವಂತ ತೊಡೆಯ ತನಕ ಒದ್ದೆಯಾಗಿ ಬಂದ. "ಅಕ್ಕಾ, ಅಲ್ಲಿ ಸ್ಟೇಜಿನ ಮ್ಯಾಲೂ ನೀರು ಐತಿ. ನಾಳಿಗೆ ಇಳಿಯಂಗಿಲ್ಲ."

ಪಾರ್ವತಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಲತಾಮಣಿ ಮೆಹಂದಿ ಹಚ್ಚಿದ ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡು ಅಮ್ಮನ ಪಕ್ಕ ನಿಂತಳು. "ಅವರಮ್ಮ ಏನಂತಾರೋ!" ಎಂದು ಪಾರ್ವತಮ್ಮ ಅಳತೊಡಗಿದಳು. "ಆವತ್ತೇ ಗೋಡೆ ನೋಡಿದ್ರು. ಇವರ ಮನೇಲಿ ಹೆಣ್ಣು ಕೇಳಿದ್ದೇ ತಪ್ಪು ಅಂತಾರೆ ಈಗ."

ಅದೇ ಹೊತ್ತಿಗೆ ಪಕ್ಕದ ಮನೆಯಿಂದ ದೊಡ್ಡ ಸದ್ದು. ಎಲ್ಲರೂ ಇಳಿದು ನೀರಿನಲ್ಲೇ ಓಡಿದರು. ಇಟ್ಟಿಗೆ ಸಾಲು ಒಂದು ಕಡೆ ಜಾರಿ ಮಂಚ ಓರೆಯಾಗಿ ಕುಸಿದಿತ್ತು. ಮುನಿಯಣ್ಣ ನೀರಿನಲ್ಲಿ ಕೂತಿದ್ದ. ಪೆಟ್ಟೇನೂ ಆಗಿರಲಿಲ್ಲ. ಬಿಳಿ ಜುಬ್ಬ ಅವನ ಸುತ್ತ ತೇಲುತ್ತಾ ಮೆಲ್ಲಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅವನು ಅದನ್ನು ಎತ್ತಿ ಹಿಂಡಿದ, ನೋಡಿದ, ಹೆಂಡತಿಯ ಕಡೆ ತಿರುಗಿ, "ಮಗಳ ಸೀರೆ ಅಲ್ಲಿದೆ ತಾನೆ?" ಎಂದಷ್ಟೇ ಕೇಳಿದ.

"ಅಲ್ಲೇ ಇದೆ."

"ಸದ್ಯ," ಎಂದ ಮುನಿಯಣ್ಣ. ಅವನ ದನಿ ಅಷ್ಟು ಮೆತ್ತಗಿದ್ದದ್ದನ್ನು ಯಾರೂ ಕೇಳಿರಲಿಲ್ಲ.

ಶರಣಮ್ಮನಿಗೆ ಆಗಲೇ ಹೊಳೆದದ್ದು. "ಅಕ್ಕಾ, ಸೀರಿ ಅಲ್ಲೈತಿ. ಜಮಖಾನಿ ಅಲ್ಲೈತಿ, ಕುರ್ಚಿ, ಪಾತ್ರಿ, ಹಂಡೆ ಎಲ್ಲಾ ಅಲ್ಲೇ ಅದಾವು. ಇಲ್ಲದಿರೋದು ನಾವು ಮಾತ್ರ. ನಾವೂ ಅಲ್ಲಿಗೇ ಹೋಗೂಣಲ್ಲ?"

ಪಾರ್ವತಮ್ಮ ಅಳು ನಿಲ್ಲಿಸಿದಳು. "ಹುಳದ ಮನೇಲಿ ಮದುವೆನಾ?"

"ಆಗ್ಲಿ," ಎಂದಳು ಲತಾಮಣಿ. ಅವಳು ನಗುತ್ತಿದ್ದಳು. "ನಮ್ಮದೇನು ಮುಹೂರ್ತ, ಮಂಟಪ ಇದೆಯಾ? ವಿಹಾರದ ಭಂತೇಜಿ ಬರಬೇಕು, ನಾವಿಬ್ರು ಇರಬೇಕು. ಸಿದ್ಧಾರ್ಥನಿಗೆ ಫೋನ್ ಮಾಡ್ತೀನಿ. ಯಾರಾದ್ರೂ ನಂಬರ್ ಒತ್ತಿ, ಕೈಯಲ್ಲಿ ಮೆಹಂದಿ ಇದೆ."

ತಿಮ್ಮಕ್ಕನಿಗೂ ಫೋನ್ ಹೋಯಿತು. ಆಕೆ ಎಲ್ಲ ಕೇಳಿಸಿಕೊಂಡು, "ಎಷ್ಟು ಜನ ಉಣ್ಣೋರು?" ಎಂದು ಮಾತ್ರ ಕೇಳಿದಳು.

ಸಂಜೆಯೊಳಗೆ ಮಳೆ ನಿಂತಿತು. ತಿಮ್ಮಕ್ಕನ ಮಕ್ಕಳು, ಸೊಸೆಯರು ರೇಷ್ಮೆ ಮನೆಯ ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿ ಮಧ್ಯೆ ಜಾಗ ಮಾಡಿದರು. ಬೆಳಗ್ಗೆ ಇವರು ಹೋಗುವಷ್ಟರಲ್ಲಿ ನೆಲ ತೊಳೆದು ಒಣಗಿತ್ತು. ವಾರಿಜಾಳ ಜಮಖಾನೆಗಳು ಹಾಸಿದ್ದವು. ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಸುರುಳಿಗಳ ನಡುವೆ ಸೊಸೆಯರು ಸೇವಂತಿಗೆ ಸಿಕ್ಕಿಸಿದ್ದರು. ಅದರ ಮುಂದೆ ಪಾರ್ವತಮ್ಮ ಬುದ್ಧನ ವಿಗ್ರಹ, ಬಾಬಾಸಾಹೇಬರ ಫೋಟೊ ಇಟ್ಟು ಮೇಣದ ಬತ್ತಿ ಜೋಡಿಸಿದಳು. ಊದಿನಕಡ್ಡಿ ಕೈಯಲ್ಲಿ ಹಿಡಿದು ಒಂದು ಕ್ಷಣ ಅನುಮಾನಿಸಿದಳು.

"ಹಚ್ಚವ್ವ," ಎಂದಳು ತಿಮ್ಮಕ್ಕ. "ಈಗ ಯಾವ ಹುಳಾನೂ ಇಲ್ಲ. ಒಂದ್ ಒಳ್ಳೆ ಕೆಲ್ಸಕ್ಕೆ ಹೊಗೆ ಆಡ್ಲಿ."

ಹೊರಗೆ ಹೊಂಗೆ ಮರದ ಕೆಳಗೆ ಶರಣಮ್ಮನ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅಡುಗೆಯವರು ನೀರು ದಾಟಿ ಬರುವುದು ತಡವಾದ್ದರಿಂದ ಶರಣಮ್ಮ, ಸೊಸೆಯರು ಸೇರಿ ಅನ್ನಕ್ಕೆ ಇಟ್ಟಿದ್ದರು. ಬಸವಂತ ಬಿಟಿಎಂನಲ್ಲೇ ಉಳಿದಿದ್ದ. ಸಮುದಾಯ ಭವನದ ಮುಂದೆ ಪ್ಯಾಂಟು ಮಡಚಿ ನಿಂತು, ಬಂದ ನೆಂಟರನ್ನೆಲ್ಲ ಬನ್ನೇರುಘಟ್ಟ ರಸ್ತೆಗೆ ಕರೆದೊಯ್ದು 365 ಬಸ್ಸಿಗೆ ಹತ್ತಿಸುತ್ತಿದ್ದ. "ಗೊಟ್ಟಿಗೆರೆಯಾಗ ಇಳೀರಿ, ರೇಷ್ಮಿ ಮನಿ ಅಂತ ಕೇಳ್ರಿ," ಎಂದು ಎಷ್ಟು ಸಲ ಹೇಳಿದನೋ, ಸಂಬಂಧವೇ ಇಲ್ಲದ ಒಬ್ಬ ವ್ಯಕ್ತಿಯೂ ಬಸ್ಸು ಹತ್ತಿ ಮದುವೆಗೆ ಬಂದು ಊಟ ಮಾಡಿಕೊಂಡು ಹೋದನಂತೆ.

ಗಂಡಿನ ಕಡೆಯವರ ಕಾರು ಬಂತು. ಸತ್ಯಭಾಮಾ ಇಳಿದು ಕಟ್ಟೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಪಾರ್ವತಮ್ಮ ಸೆರಗು ಸರಿಪಡಿಸಿಕೊಳ್ಳುತ್ತಾ ನಿಂತಳು. ಬಸವಂತನ ಬಿಳಿ ಷರ್ಟು ತೊಟ್ಟ ಮುನಿಯಣ್ಣ ಅವಳ ಹಿಂದೆ ಅವಿತುಕೊಳ್ಳಲು ನೋಡಿದ. ಬಸವಂತ ಕಡ್ಡಿ ಮನುಷ್ಯ. ಆ ಷರ್ಟಿನ ಗುಂಡಿಗಳು ಮುನಿಯಣ್ಣನ ಹೊಟ್ಟೆಯ ಮೇಲೆ ಯಾವ ಕ್ಷಣದಲ್ಲಾದರೂ ಹಾರುವಂತಿದ್ದವು. ಹಾರಿತು ಕೂಡ. ಅವನು ಬಗ್ಗಿ ನಮಸ್ಕಾರ ಮಾಡುತ್ತಿದ್ದಂತೆ ಒಂದು ಗುಂಡಿ ಕಿತ್ತು ಸತ್ಯಭಾಮಾ ಅವರ ಕಾಲ ಬಳಿ ಬಿತ್ತು.

ಸತ್ಯಭಾಮಾ ಬಗ್ಗಿ ಗುಂಡಿ ಎತ್ತಿಕೊಂಡು ಮುನಿಯಣ್ಣನ ಕೈಗೆ ಕೊಟ್ಟರು. ಆಮೇಲೆ ತಡೆಯಲಾರದೆ ನಕ್ಕರು. ನಗುವಾಗ ಆಕೆ ಹೆಡ್ಮಿಸ್ ತರಹ ಕಾಣುತ್ತಲೇ ಇರಲಿಲ್ಲ. ತಮ್ಮ ಮೈಮೇಲಿದ್ದ ಬಿಳಿ ಶಾಲು ತೆಗೆದು ಬೀಗರ ಹೆಗಲಿಗೆ ಹೊದಿಸಿ, "ಹೀಗೆ ಮುಂದಕ್ಕೆ ಎಳ್ಕೊಳ್ಳಿ, ಮುಚ್ಚುತ್ತೆ," ಎಂದರು.

ಪಾರ್ವತಮ್ಮನಿಗೆ ಧೈರ್ಯ ಬಂತು. "ಆವತ್ತು ನೀವು ನಮ್ಮ ಗೋಡೆ ನೋಡ್ತಾನೇ ಇದ್ರಿ. ನಿಮಗೆ ಬೇಜಾರಾಯ್ತೇನೋ ಅಂತ ನಾನು..."

"ಬೇಜಾರಾ? ನಮ್ಮನೆಗೂ ಮೋರಿ ನೀರೆಲ್ಲ ನುಗ್ಗುತ್ತಮ್ಮ," ಎಂದರು ಸತ್ಯಭಾಮಾ. "ನಿಮ್ಮ ಗುರುತು ನಮ್ಮದಕ್ಕಿಂತ ಎತ್ತರನೋ ತಗ್ಗೋ ಅಂತ ನೋಡ್ತಿದ್ದೆ."

ಕಾವಿ ತೊಟ್ಟ ಭಂತೇಜಿ ಬಂದರು. ಎಲ್ಲರೂ ಕೂತು ತ್ರಿಶರಣ, ಪಂಚಶೀಲ ಹೇಳಿದರು. ಸಿದ್ಧಾರ್ಥ, ಲತಾಮಣಿ ಒಬ್ಬರಿಗೊಬ್ಬರು ಮಾತು ಕೊಟ್ಟು ಹಾರ ಹಾಕಿದರು. ಸುತ್ತಲಿನ ಸ್ಟ್ಯಾಂಡುಗಳ ಮೇಲೆ ಐದು ಮನೆಯ ಟ್ರಂಕು, ಹಾಸಿಗೆ, ಡಬ್ಬಗಳು ಸಾಲಾಗಿ ಕೂತಿದ್ದವು. ಫೋಟೊಗಳಲ್ಲಿ ಮದುಮಕ್ಕಳ ಹಿಂದೆ ವಾರಿಜಾಳ ಹೊಲಿಗೆ ಮಿಷನ್ನೂ ಬಂದಿದೆ. ಊಟದ ಹೊತ್ತಿಗೆ ಮೋಡ ಮತ್ತೆ ಕವಿದು ಒಂದು ಮಳೆ ಸುರಿಯಿತು. ಹೊರಗೆ ಉಣ್ಣುತ್ತಿದ್ದವರೆಲ್ಲ ಎಲೆ ಎತ್ತಿಕೊಂಡು ಒಳಗೆ ಬಂದು ಜಮಖಾನೆಯ ಮೇಲೆ ಒತ್ತೊತ್ತಾಗಿ ಕೂತರು. ಬಿದ್ದ ನೀರು ಕಟ್ಟೆಯ ಕೆಳಗೆ ಇಳಿಜಾರಿನಲ್ಲಿ ಹರಿದು ಹೋಯಿತು. ಶರಣಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಮಳೆಯನ್ನು ಭಯವಿಲ್ಲದೆ ನೋಡಿ ಎಷ್ಟು ಕಾಲವಾಗಿತ್ತೆಂದು ಅವಳಿಗೇ ನೆನಪಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಬಸವಂತ ಕೊನೆಯ ನೆಂಟರ ಜೊತೆ ನಡುಗುತ್ತಾ ಬಂದ. ಅವಳು ಟ್ರಂಕಿನಿಂದ ಕೌದಿ ತೆಗೆದು ಅವನಿಗೆ ಹೊದಿಸಿ, ಅದರ ತುದಿಯನ್ನು ತನ್ನ ಮೂಗಿನ ಹತ್ತಿರ ತಂದು ನೋಡಿದಳು. ಮೂರು ತಿಂಗಳ ಗಾಳಿ ಬಿಸಿಲಿಗೆ ವಾಸನೆ ಹೋಗಿತ್ತು. ಬಣ್ಣ ಕಲೆಸಿದ್ದು ಹಾಗೇ ಇತ್ತು.

ಮುನಿಯಣ್ಣ ಊಟ ಮುಗಿಸಿ, ಶಾಲು ಹಿಡಿದುಕೊಂಡೇ ತಿಮ್ಮಕ್ಕನ ಹತ್ತಿರ ಹೋದ. "ಅಲ್ಲಿ ಮೂಲೇಲಿ ಒಂದು ಸ್ಟ್ಯಾಂಡು ಖಾಲಿ ಇರೋ ಹಾಗಿದೆ."

"ಅದು ಹಾಲಿನ ಕ್ಯಾನ್‌ಗೆ ಎತ್ಮಡಗಿದ್ದೀನಿ," ಎಂದಳು ತಿಮ್ಮಕ್ಕ. ಆಮೇಲೆ ಅವನ ಮುಖ ನೋಡಿ, "ಮ್ಯಾಲಿನ ತಟ್ಟೆ ತಗೊಳ್ಳಿ," ಎಂದಳು.

ಮುಂದಿನ ಮೂರು ವರ್ಷ ರೇಷ್ಮೆ ಮನೆ ಅವರದ್ದೇ ಆಗಿತ್ತು. ಆಮೇಲೆ ರಾಜಕಾಲುವೆ ಅಗಲ ಮಾಡಿ ಗೋಡೆ ಕಟ್ಟಿದರು, ರಸ್ತೆಗೆ ನೀರು ಬರುವುದು ಕಡಿಮೆಯಾಯಿತು. ಒಬ್ಬೊಬ್ಬರೇ ಸಾಮಾನು ವಾಪಸು ತಂದರು. ಮುನಿಯಣ್ಣನ ಮಂಚ ನೆಲಕ್ಕೆ ಇಳಿಯಿತು, ಪಾರ್ವತಮ್ಮ ಮತ್ತೆ ಅದರ ಮೇಲೆ ಮಲಗತೊಡಗಿದಳು. ಶರಣಮ್ಮ ಮಾತ್ರ ತರಲಿಲ್ಲ. ಅಷ್ಟರಲ್ಲಿ ಗೊಟ್ಟಿಗೆರೆಯಲ್ಲೂ ಹೊಸ ಮನೆಗಳು ಎದ್ದಿದ್ದವು, ತಮ್ಮ ಕಡೆಯ ಹುಡುಗರು ಅಲ್ಲಿಗೂ ಬಂದಿದ್ದರು. ಅವಳೂ ಬಸವಂತನೂ ರೇಷ್ಮೆ ಮನೆಯ ಪಕ್ಕದಲ್ಲೇ ಎರಡು ಕೋಣೆ ಬಾಡಿಗೆಗೆ ಹಿಡಿದು, ರೇಷ್ಮೆ ಮನೆಯಲ್ಲಿ ರೊಟ್ಟಿ ಒಲೆ ಹೂಡಿದರು. ತಿಮ್ಮಕ್ಕನ ಇಬ್ಬರು ಸೊಸೆಯರು ಅಲ್ಲಿ ಕೆಲಸಕ್ಕೆ ಸೇರಿಕೊಂಡರು. ಚಿಕ್ಕವಳ ರೊಟ್ಟಿ ಬೇಗ ಹದಕ್ಕೆ ಬಂತು. ದೊಡ್ಡವಳಿಗೆ ಶರಣಮ್ಮ ಇನ್ನೂ ಕಲಿಸುತ್ತಿದ್ದಾಳೆ.